ಕೆಮ್ಮಿದರೆ ಇನ್ನೊಂದು ಸುತ್ತು

ಕ್ರೀಡಾ ತರಬೇತಿ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ಇಂದು ಬೆಳಿಗ್ಗೆ ತಂತಿಯ ಮೇಲಿಂದ ಬಟ್ಟೆ ತೆಗೆಯುವಾಗ ನನ್ನ ತಂಗಿಯ ಟವೆಲ್ಲಿಗೆ ಒಂದು ಮೂಲೆಯೇ ಇಲ್ಲದಿರುವುದನ್ನು ಕಂಡೆ. ನಮ್ಮದು ಇಸ್ತ್ರಿ ಅಂಗಡಿ. ಇಲಿ ಕಡಿದದ್ದು ಯಾವುದು, ಮೊಳೆಗೆ ಸಿಕ್ಕಿ ಹರಿದದ್ದು ಯಾವುದು, ಸಿಗರೇಟಿನ ಕಿಡಿ ತಾಗಿ ತೂತಾದದ್ದು ಯಾವುದು ಎಂದು ಬಟ್ಟೆ ಮುಟ್ಟಿದರೆ ಹೇಳಬಲ್ಲೆ. ಇದು ಅದಾವುದೂ ಆಗಿರಲಿಲ್ಲ. ನೂಲು ಜಗಿದು ಜಗಿದು ಗಂಟುಗಟ್ಟಿತ್ತು. ಅದರ ಪಕ್ಕದಲ್ಲಿ ಸಾಲಾಗಿ ಹಲ್ಲಿನ ಗುರುತು. ಹದಿನೇಳು ವರ್ಷದ ಹುಡುಗಿ ಟವೆಲ್ಲನ್ನು ಯಾಕೆ ಜಗಿಯುತ್ತಾಳೆ? ನಿಮ್ಮ ಮೈದಾನದಲ್ಲಿ ಓಡಿ ನಿಂತ ಮೇಲೆ ಅವಳಿಗೆ ಕೆಮ್ಮು ಬರುತ್ತದೆ, ಎದೆ ಬಿಗಿಯುತ್ತದೆ, ಉಸಿರು ಒಳಗೆ ಹೋದದ್ದು ಹೊರಗೆ ಬರಲು ಒದ್ದಾಡುತ್ತದೆ. ನಿಮ್ಮ ಕೇಂದ್ರದಲ್ಲಿ ಕೆಮ್ಮುವುದು ಶಿಕ್ಷೆಗೆ ಅರ್ಹವಾದ ಅಪರಾಧ. ಆದ್ದರಿಂದ ಅವಳು ಕೆಮ್ಮನ್ನು ಟವೆಲ್ಲಿನ ಜೊತೆ ಕಚ್ಚಿ ನುಂಗುತ್ತಾಳೆ. ನನ್ನ ದೂರು ಇದೇ. ಬಿಸಿಲಿನಲ್ಲಿ, ಈ ಬೆವರೂ ಆರದ ಗಾಳಿಯಲ್ಲಿ ಓಡುವ ಮಕ್ಕಳಿಗೆ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ನೀವು ಕಲಿಸಲಿಲ್ಲ. ಅದನ್ನು ಯಾರಿಗೂ ಕಾಣದಂತೆ ಬಚ್ಚಿಡುವುದನ್ನು ಮಾತ್ರ ಬಹಳ ಚೆನ್ನಾಗಿ ಕಲಿಸಿದ್ದೀರಿ.

ನೀವು ನನ್ನನ್ನು ನೋಡಿಲ್ಲ, ನೋಡಿದ್ದರೂ ನೆನಪಿರಲಾರದು. ಸಾಹಿತ್ಯದಲ್ಲಿ ಪದವಿ ಪಡೆದು, ಬೇರೆ ಕೆಲಸ ಸಿಗುವವರೆಗೆ ಎಂದು ಅಪ್ಪನ ಅಂಗಡಿಯಲ್ಲಿ ಬಟ್ಟೆ ಮಡಚಲು ಕುಳಿತವಳು ಇನ್ನೂ ಎದ್ದಿಲ್ಲ. ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದಾಗ 'ಸ್ವಲ್ಪ ನಿಲ್ಲಿಸಿ' ಎನ್ನಲು ನಾಚಿ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ಆದರೆ ನಿಮ್ಮ ಅಂಗಿಗಳನ್ನು ನಾನು ಚೆನ್ನಾಗಿ ಬಲ್ಲೆ. ವಾರಕ್ಕೊಮ್ಮೆ ನಿಮ್ಮ ಮನೆಯ ಗಂಟು ನಮ್ಮ ಅಂಗಡಿಗೆ ಬರುತ್ತದೆ. ಈ ಊರಿನಲ್ಲಿ ಅಂಗಿ ತೊಟ್ಟು ಹೊಸಿಲು ದಾಟಿದರೆ ಸಾಕು, ಅದು ಬೆನ್ನಿಗೆ ಅಂಟುತ್ತದೆ. ಬಸ್ ಚಾಲಕರ ಅಂಗಿಯ ಬೆನ್ನಿನಲ್ಲಿ ಉಪ್ಪಿನ ಗೆರೆ ಇರುತ್ತದೆ, ಮೇಷ್ಟರ ಅಂಗಿಯ ಕಂಕುಳು ಹಳದಿಯಾಗಿರುತ್ತದೆ. ನಿಮ್ಮ ಅಂಗಿಗಳಲ್ಲಿ ಮಾತ್ರ ಬೆವರಿನ ಕಲೆ ಇರುವುದಿಲ್ಲ. ಕಾಲರಿನ ಒಳಮೈಯಲ್ಲಿ ಪೌಡರಿನ ಸಣ್ಣ ಗೆರೆಯೊಂದು ಇರುತ್ತದೆ, ಅಷ್ಟೆ. ಗೇಲಿಗಾಗಿ ಇದನ್ನು ಬರೆಯುತ್ತಿಲ್ಲ. ಈ ಊರಿನ ಗಾಳಿ ಓಡುವವರನ್ನು ಏನು ಮಾಡುತ್ತದೆ ಎಂದು ತೀರ್ಮಾನಿಸುವವರು ಆ ಗಾಳಿಯಲ್ಲಿ ಇಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಇದು.

ತಂಗಿಗೆ ಮನೆಯಲ್ಲಿ ಮಿಡತೆ ಎಂದು ಹೆಸರು. ನಡೆಯಲು ಕಲಿಯುವ ಮೊದಲೇ ಜಿಗಿಯಲು ಕಲಿತವಳು. ಅಂಗಡಿಯಿಂದ ಯಾರ ಮನೆಗಾದರೂ ಬಟ್ಟೆ ಮುಟ್ಟಿಸಲು ಕಳಿಸಿದರೆ, ಇಸ್ತ್ರಿಯ ಬಿಸಿ ಆರುವ ಮೊದಲೇ ಕೊಟ್ಟು ಬರುತ್ತಿದ್ದಳು. 'ನಿಮ್ಮ ಹುಡುಗಿ ಕೊಟ್ಟ ಪ್ಯಾಂಟು ಇನ್ನೂ ಸುಡ್ತಿತ್ತು ಮಾರಾಯ್ರೇ' ಎಂದು ಗಿರಾಕಿಗಳು ನಗುತ್ತಿದ್ದರು. ಅವಳ ಓಟ ನೋಡಿ ನಿಮ್ಮ ಕೇಂದ್ರದವರೇ ಬಂದು ಕರೆದುಕೊಂಡು ಹೋದರು. ಸಾವಿರದ ಐನೂರು ಮೀಟರ್ ಓಟಕ್ಕೆ ಹಾಕಿದರು. ಅಲ್ಲಿಯ ವಸತಿನಿಲಯದಲ್ಲಿ ಅವಳ ಹಾಸಿಗೆಯ ಪಕ್ಕದ ಗೋಡೆ ವರ್ಷವಿಡೀ ಒದ್ದೆ. ಕಪ್ಪು ಬೂಷ್ಟು ದಿಂಬಿನ ಎತ್ತರದವರೆಗೆ ಏರಿದೆ. ಓಟದ ಪಥದ ತಿರುವಿನಲ್ಲಿ ನಿಮ್ಮ ಕಚೇರಿಯನ್ನು ತಂಪಾಗಿಡುವ ಜನರೇಟರ್ ಹೊಗೆ ಬಿಡುತ್ತಿರುತ್ತದೆ. ಕಠಿಣ ಅಭ್ಯಾಸ ಮಧ್ಯಾಹ್ನವೇ ನಡೆಯಬೇಕು, 'ಸೆಖೆಗೆ ಮೈ ಒಗ್ಗಲಿ' ಎಂದು. ಮೈಯೇನೋ ಒಗ್ಗಿತು. ಶ್ವಾಸನಾಳ ಒಗ್ಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಕೆಮ್ಮು ಶುರುವಾಯಿತು. ಓಡುವಾಗ ಅಲ್ಲ, ಓಡಿ ನಿಂತ ಮೇಲೆ. ಇದು ಈ ತೊಂದರೆಯ ಸ್ವಭಾವ, ಮತ್ತು ನಿಮ್ಮವರಿಗೆ ಇದು ಕಾಣದಿರುವುದಕ್ಕೂ ಕಾರಣ. ಕೋಚ್ ಕಣ್ಣು ಮಿಟುಕಿಸದೆ ಓಟವನ್ನು ನೋಡುತ್ತಾರೆ, ಗೆರೆ ದಾಟುತ್ತಲೇ ಮುಂದಿನ ಗುಂಪಿನ ಕಡೆ ತಿರುಗುತ್ತಾರೆ. ಕೆಲವು ನಿಮಿಷಗಳ ನಂತರ, ಯಾರೂ ನೋಡದಿರುವಾಗ, ನನ್ನ ತಂಗಿಯ ಎದೆಯೊಳಗೆ ಬಾಗಿಲುಗಳು ಮುಚ್ಚತೊಡಗುತ್ತವೆ. ಅವಳು ಹೇಳಿಕೊಂಡಾಗ ಕೋಚ್ ಕೊಟ್ಟ ಉತ್ತರವನ್ನು ಇಡೀ ಗುಂಪು ಇವತ್ತಿಗೂ ಅಣಕಿಸುತ್ತದೆ. "ಕುಣಿಯಲಾರದವಳಿಗೆ ನೆಲ ಡೊಂಕು. ಓಡಲಾರದವಳಿಗೆ ಗಾಳಿ ಡೊಂಕು. ಇಸ್ತ್ರಿ ಅಂಗಡಿಯವರ ಮಗಳು, ಆವಿಯಲ್ಲೇ ಬೆಳೆದೋಳು, ನೀನು ಸೆಖೆಗೆ ಹೆದರ್ತೀಯಾ?"

ಆ ಮೇಲೆ ನೀವು ಪರೀಕ್ಷೆ ಮಾಡಿಸಿದಿರಿ. ಇಲ್ಲವೆನ್ನಲಾರೆ. ಬೆಳಗಿನ ಹೊತ್ತು, ಚೆನ್ನಾಗಿ ನಿದ್ರೆ ಮಾಡಿ ಎದ್ದ ಹುಡುಗಿಯನ್ನು, ನಿಮ್ಮ ಕಟ್ಟಡದ ಅತ್ಯಂತ ತಂಪಾದ ಕೋಣೆಯಲ್ಲಿ, ಮೆತ್ತನೆಯ ಕುರ್ಚಿಯ ಮೇಲೆ ಕೂರಿಸಿ ಕೊಳವೆಯೊಳಗೆ ಊದಿಸಿದರು. ಊದಿದಳು. ಎಲ್ಲವೂ ಸರಿಯಾಗಿತ್ತು. ಸರಿಯಾಗಿರದೆ ಇನ್ನೇನು? ಓಡಿದರೆ ಬರುವ ತೊಂದರೆಯನ್ನು ಕೂರಿಸಿ ಹುಡುಕಿದರೆ ಸಿಗುವುದೇ? ಮಳೆ ಬಂದಾಗ ಸೋರುವ ಸೂರನ್ನು ಬೇಸಿಗೆಯಲ್ಲಿ ಬಂದು ನೋಡಿ 'ಒಂದು ಹನಿಯೂ ಇಲ್ಲವಲ್ಲ' ಎಂದ ಹಾಗಾಯಿತು. ಆದರೂ ಆ ದಿನದಿಂದ ಅವಳ ಮೇಲೆ 'ಆರೋಗ್ಯವಂತೆ' ಎಂಬ ಮುದ್ರೆ ಬಿತ್ತು, ಮತ್ತು ಆರೋಗ್ಯವಂತೆ ಕೆಮ್ಮಿದರೆ ಅದಕ್ಕೆ ಬೇರೆ ಹೆಸರುಗಳು ಬಂದವು: ನೆಪ, ನಾಟಕ, ಮನೋಬಲದ ಕೊರತೆ.

ಅಮ್ಮ ಬಿಡಲಿಲ್ಲ. ರಜೆಗೆ ಬಂದವಳನ್ನು ಕೈಹಿಡಿದು ಸಾರ್ವಜನಿಕ ಆಸ್ಪತ್ರೆಯ ಶ್ವಾಸಕೋಶದ ಡಾಕ್ಟರ ಹತ್ತಿರ ಕರೆದೊಯ್ದಳು. ನಾನೂ ಹೋಗಿದ್ದೆ. ಡಾಕ್ಟರಮ್ಮ ಮೊದಲು ಊದಿಸಿದರು, ಸರಿಯಿತ್ತು. ಆಮೇಲೆ ಟ್ರೆಡ್‌ಮಿಲ್ ಮೇಲೆ ಏದುಸಿರು ಬರುವವರೆಗೆ ಓಡಿಸಿದರು. ಇಳಿಸಿ ತಕ್ಷಣ ಊದಿಸಿದರು, ಆಗಲೂ ಹೆಚ್ಚೇನೂ ಕಾಣಲಿಲ್ಲ. ಅಮ್ಮನ ಮುಖ ಬಾಡಿತು. 'ಇಲ್ಲೂ ನಾಟಕ ಅಂದುಬಿಡ್ತಾರೇನೋ' ಎಂದು ನನ್ನ ಕಿವಿಯಲ್ಲಿ ಹೇಳಿದಳು. ಡಾಕ್ಟರಮ್ಮ ಮಾತ್ರ ಕುರ್ಚಿಯಿಂದ ಏಳಲಿಲ್ಲ. "ಓಟ ಮುಗಿದ ಮೇಲೇ ಅಲ್ವಾ ಇದರ ಆಟ ಶುರುವಾಗೋದು? ಕಾಯೋಣ" ಎಂದರು. ಬಿಡುವು ಕೊಟ್ಟು ಕೊಟ್ಟು ಮತ್ತೆ ಮತ್ತೆ ಊದಿಸಿದರು. ಪರದೆಯ ಮೇಲಿನ ಗೆರೆ ಪ್ರತಿ ಸಲವೂ ಕೆಳಗಿಳಿಯಿತು. ತಂಗಿಯ ಕುತ್ತಿಗೆಯ ಗುಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಡಾಕ್ಟರಮ್ಮ ಅವಳಿಗೆ ಇನ್ಹೇಲರ್ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ: "ಇದನ್ನ ಇಟ್ಕೊಂಡೇ ಇಷ್ಟು ದಿನ ಓಡಿದೀಯಾ ಪುಟ್ಟಾ?"

ತಂಗಿ ಅತ್ತದ್ದು ಆಗ. ನೋವಿಗಲ್ಲ. ಯಾರೋ ನಂಬಿದರಲ್ಲ ಎಂದು.

ಇದು ಓಡಿದರೆ ಬರುವ ಆಸ್ತಮಾ ಎಂದು ತಿಳಿಸಿ ಬರೆದ ನನ್ನ ಮೊದಲ ಪತ್ರಕ್ಕೆ ನೀವು ಬರೆಸಿದ ಉತ್ತರದಲ್ಲಿ ಒಂದು ವಾಕ್ಯವಿದೆ: 'ಸದರಿ ಕಾಯಿಲೆಯು ಶೀತ ಹಾಗೂ ಒಣ ಹವೆಯ ಪ್ರದೇಶಗಳಲ್ಲಿ ಕಂಡುಬರುವಂಥದ್ದಾಗಿದ್ದು, ನಮ್ಮ ಉಷ್ಣ ಹಾಗೂ ತೇವಭರಿತ ಹವಾಗುಣದಲ್ಲಿ ಆತಂಕಕ್ಕೆ ಆಸ್ಪದವಿರುವುದಿಲ್ಲ.' ಎಷ್ಟು ಸೊಗಸಾದ ವಾಕ್ಯ! ಇದನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರು ನಗಲಿಲ್ಲ. "ಒಣ ಚಳಿಗಾಳಿ ಹೆಚ್ಚು ಕೆಣಕುತ್ತೆ ಅನ್ನೋದು ನಿಜ. ಹಾಗಂತ ಬಿಸಿ ತೇವದ ಗಾಳಿ ಎಲ್ಲರಿಗೂ ಒಳ್ಳೇದು ಅಂತಲ್ಲ. ಕೆಲವರ ಶ್ವಾಸನಾಳಕ್ಕೆ ಆ ಬಿಸಿ, ಆ ತೇವವೇ ಆಗಲ್ಲ. ತೇವ ಇದ್ದ ಕಡೆ ಬೂಷ್ಟು ಇರುತ್ತೆ, ಧೂಳಿನ ಹುಳ ಇರುತ್ತೆ. ಜೊತೆಗೆ ಹೊಗೆ. ಅದೆಲ್ಲವನ್ನೂ ಬಾಯಿ ತೆರೆದು ಕೊಡಗಟ್ಟಲೆ ಎಳ್ಕೊಳ್ಳೋರು ಯಾರು? ಓಡೋರು" ಎಂದರು. ಅರ್ಧ ಓದಿದ ಪುಟ ಓದದೇ ಬಿಟ್ಟ ಪುಟಕ್ಕಿಂತ ಅಪಾಯಕಾರಿ ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ನಿಮ್ಮ ಕಚೇರಿಯಲ್ಲಿ ಯಾರೋ ಅರ್ಧ ಪುಟ ಓದಿದ್ದಾರೆ ಮಾನ್ಯರೇ.

ಇನ್ನು ನಿಮ್ಮ 'ಮೌನ ಸುತ್ತಿನ' ವಿಚಾರ. ಈ ಬಹಿರಂಗ ಪತ್ರವನ್ನು ಓದುವ ಉಳಿದವರಿಗೆ ಗೊತ್ತಿರಲಾರದು, ಹೇಳುತ್ತೇನೆ. ಓಟ ಮುಗಿದ ಮೇಲೆ ಇಡೀ ಗುಂಪು ಬಾಯಿ ಮುಚ್ಚಿಕೊಂಡು, ಮೂಗಿನಿಂದಲೇ ಉಸಿರಾಡುತ್ತ, ಪಥದ ಸುತ್ತ ಒಂದು ಸಲ ನಡೆಯಬೇಕು. ಇದರಿಂದ ಉಸಿರಿನ ಮೇಲೆ ಹಿಡಿತ ಬರುತ್ತದಂತೆ. ಯಾರಾದರೂ ಕೆಮ್ಮಿದರೆ ಎಲ್ಲರೂ ಮತ್ತೊಂದು ಸುತ್ತು ಓಡಬೇಕು. ಕೆಮ್ಮಿದವಳು ಮಾತ್ರ ಅಲ್ಲ, ಎಲ್ಲರೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಒಂದು ತರಬೇತಿ ಕ್ರಮವಾಗಿ ಜಾರಿಗೆ ತಂದ ಕೀರ್ತಿ ನಿಮ್ಮ ಕೇಂದ್ರಕ್ಕೆ ಸಲ್ಲಬೇಕು. ಇದರ ಜಾಣತನ ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಕೋಚ್ ಕಾವಲು ಕಾಯಬೇಕಿಲ್ಲ, ಗೆಳತಿಯರೇ ಕಾಯುತ್ತಾರೆ. ಒಂದೇ ಕೋಣೆಯಲ್ಲಿ ಮಲಗುವ, ಒಬ್ಬಳ ಜಡೆ ಇನ್ನೊಬ್ಬಳು ಹೆಣೆಯುವ ಹುಡುಗಿಯರು, ಆ ಒಂದು ಸುತ್ತಿನ ಹೊತ್ತು, ಒಬ್ಬರ ಗಂಟಲನ್ನು ಇನ್ನೊಬ್ಬರು ದಿಟ್ಟಿಸುತ್ತಾರೆ.

ಕಳೆದ ತಿಂಗಳು ನಾನೇ ಕಣ್ಣಾರೆ ಕಂಡೆ. ಸ್ಪರ್ಧೆಯ ದಿನ ಓಟಗಾರರು ತೊಡುವ ಸಂಖ್ಯೆಯ ಮೇಲಂಗಿಗಳನ್ನು ಇಸ್ತ್ರಿ ಮಾಡಿ ಕೊಡಲು ಬಂದಿದ್ದೆ. ಹೊರಗಿನವರು ಹಳದಿ ಗೆರೆ ದಾಟಬಾರದು ಎಂದು ನಿಮ್ಮ ನಿಯಮ. ಕಾವಲುಗಾರ ನನ್ನನ್ನು ಗೆರೆಯ ಬಳಿ ನಿಲ್ಲಿಸಿ ಸ್ಟೋರಿನವನಿಗೆ ಹೇಳಿ ಕಳಿಸಿದ್ದ. ಓಟ ಮುಗಿದಿತ್ತು. ಮೌನ ಸುತ್ತು ನಡೆಯುತ್ತಿತ್ತು. ಮಿಡತೆ ಕೊನೆಯಲ್ಲಿದ್ದಳು, ಕೊರಳಲ್ಲಿದ್ದ ಟವೆಲ್ಲಿನ ಮೂಲೆ ಬಾಯಲ್ಲಿ. ಹುಡುಗಿಯರ ಸಾಲು ನನ್ನ ಮುಂದೆ ಹಾದುಹೋಗುವಾಗ ಅವಳ ಮುಂದಿದ್ದವಳು ತುಟಿ ಅಲುಗಿಸದೆ, "ನುಂಗೇ, ನುಂಗು. ಇನ್ನು ಸ್ವಲ್ಪ ದೂರ. ನನ್ನ ಕಾಲು ಬಿದ್ದೋಗಿದೆ ಕಣೇ, ಇನ್ನೊಂದು ಸುತ್ತು ಆಗಲ್ಲ" ಎನ್ನುತ್ತಿದ್ದಳು. ಅದು ಬೆದರಿಕೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. ತಿರುವಿನಲ್ಲಿ, ಜನರೇಟರಿನ ಪಕ್ಕದಲ್ಲಿ, ತಂಗಿಯ ಬಾಯಿಂದ ಟವೆಲ್ ಜಾರಿತು, ಕೆಮ್ಮು ಹೊರಬಿತ್ತು.

"ಯಾರದು ಕೆಮ್ಮಿದ್ದು?" ಎಂದರು ಕೋಚ್.

ಸಾಲು ಬಾಯಿ ಮುಚ್ಚಿಕೊಂಡು ನಡೆಯುತ್ತಲೇ ಇತ್ತು.

"ಸರಿ. ಎಲ್ಲರೂ ಇನ್ನೊಂದು ಸುತ್ತು."

ಗುಂಪು ಓಡತೊಡಗಿತು. ಮಿಡತೆಯೂ ಓಡಿದಳು, ನಾಲ್ಕು ಹೆಜ್ಜೆ ಇಟ್ಟು ಮೊಣಕಾಲೂರಿದಳು. ಆಚೆ ಗುಂಡೆಸೆತ ಅಭ್ಯಾಸ ಮಾಡುತ್ತಿದ್ದ ಒಬ್ಬ ದಪ್ಪ ಹುಡುಗಿ ಇದ್ದಾಳೆ, ಎಲ್ಲರೂ ಗುಂಡಕ್ಕ ಎನ್ನುತ್ತಾರೆ. ಅವಳು ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡವಳು ಹಾಗೇ ನಿಂತು ಕೂಗಿದಳು:

"ಸಾರ್, ಅವಳ ತುಟಿ ನೋಡಿ ಸಾರ್! ಬಣ್ಣ ಹೋಗಿದೆ!"

"ನಿನ್ನ ಗುಂಡು ನೀನು ನೋಡ್ಕೋ."

"ಅವಳ ಉಸಿರಿನ ಪಂಪು ಚೀಲದಲ್ಲಿದೆ ಸಾರ್. ಬೀಗದ ಕೈ ಕೊಡಿ."

ಅಭ್ಯಾಸದ ಹೊತ್ತಿನಲ್ಲಿ ಯಾರೂ ಮೊಬೈಲ್ ಮುಟ್ಟದಿರಲಿ ಎಂದು ನೀವು ಎಲ್ಲರ ಚೀಲಗಳನ್ನೂ ಸ್ಟೋರಿನಲ್ಲಿಟ್ಟು ಬೀಗ ಹಾಕಿಸುತ್ತೀರಿ. ಮೊಬೈಲಿನ ಜೊತೆ ನನ್ನ ತಂಗಿಯ ಉಸಿರಿಗೂ ಬೀಗ ಬಿದ್ದಿತ್ತು.

"ಕೈ ಸ್ಟೋರಿನವನ ಹತ್ರ ಇದೆ. ಊಟಕ್ಕೆ ಹೋಗಿದಾನೆ, ಬರ್ತಾನೆ ಇರು."

"ಅವನು ಊಟ ಮುಗಿಸೋ ಹೊತ್ತಿಗೆ ಇವಳು ಮುಗೀತಾಳೆ ಸಾರ್!"

ನಾನು ಗೆರೆಯ ಆಚೆಯಿಂದ ತಂಗಿಯನ್ನು ಕೂಗಿದೆ. ಪಕ್ಕದಲ್ಲೇ ನಿಂತಿದ್ದ ಕಾವಲುಗಾರ ನನ್ನ ಕಡೆ ಬಗ್ಗಿ, "ಏನಾದ್ರೂ ಅಂದ್ರಾಮ್ಮಾ?" ಎಂದು ಕೇಳಿದ. ನನ್ನ ಕೂಗು ಅಷ್ಟು ದೊಡ್ಡದು. ಅಷ್ಟರಲ್ಲಿ ಗುಂಡಕ್ಕ ಸ್ಟೋರಿನ ಬಾಗಿಲಿಗೆ ಓಡಿ ಹೋಗಿ, ಕೈಯಲ್ಲಿದ್ದ ಕಬ್ಬಿಣದ ಗುಂಡಿನಿಂದ ಬೀಗಕ್ಕೆ ಬಾರಿಸಿದಳು. ಮೊದಲ ಏಟಿಗೆ ಬೀಗ ಬಗ್ಗಲಿಲ್ಲ. ಎರಡನೆಯದಕ್ಕೆ ಚಿಲಕವೇ ಕಿತ್ತು ಬಂತು. ಚೀಲಗಳನ್ನೆಲ್ಲ ನೆಲಕ್ಕೆ ಸುರಿದು, ಇನ್ಹೇಲರ್ ಹುಡುಕಿ, ತಂಗಿಯ ಬಾಯಿಗೆ ಹಿಡಿದು, "ಎಳಿ, ಎಳಿ ನನ್ನ ತಾಯಿ, ಇನ್ನೊಂದು ಸಲ" ಎನ್ನುತ್ತ ಬೆನ್ನು ನೀವಿದಳು. ತಂಗಿ ಮೊದಲು ಆಡಿದ ಪೂರ್ತಿ ಮಾತು, "ನನ್ನಿಂದ ಎಲ್ಲರಿಗೂ ಸುತ್ತು ಬಿತ್ತಲ್ಲಾ" ಎಂಬುದು.

ಮಾನ್ಯರೇ, ಈ ಘಟನೆಯ ಬಗ್ಗೆ ನೀವು ತನಿಖೆ ನಡೆಸಿದಿರಿ. ಅದಕ್ಕಾಗಿ ಕೃತಜ್ಞತೆ. ಬೀಗ ಮುರಿದದ್ದು ಯಾರು, ಯಾರ ಅನುಮತಿಯಿಂದ, ಕ್ರೀಡಾ ಸಾಮಗ್ರಿಯನ್ನು ಬೇರೆ ಉದ್ದೇಶಕ್ಕೆ ಬಳಸಿದ್ದು ಯಾಕೆ ಎಂದು ಕೇಳಲಾಯಿತು. ಗುಂಡಕ್ಕನನ್ನು ಅಭ್ಯಾಸದಿಂದ ಹೊರಗಿಡಲಾಯಿತು. ಒಂದು ಬೀಗದ ವಿಷಯದಲ್ಲಿ ಇಷ್ಟು ಕಾಳಜಿ ತೋರುವ ಕೇಂದ್ರ ಬೇರೆಲ್ಲಿದೆ? ಆ ಬೀಗದ ಹಿಂದೆ ಏನಿತ್ತು, ಅದು ಯಾರಿಗೆ ಬೇಕಿತ್ತು, ಸಿಗದಿದ್ದರೆ ಏನಾಗುತ್ತಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ತಂಗಿಯನ್ನು 'ಆಯ್ಕೆ ಓಟದವರೆಗೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲಿ' ಎಂದು ಕಳಿಸಿದಿರಿ. ವಿಶ್ರಾಂತಿ! ಎಂಥ ಮೃದುವಾದ ಪದ.

ಕೋಚ್ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರು ಕೆಟ್ಟವರಲ್ಲ. ಮಿಡತೆ ಮೊದಲ ಪದಕ ಗೆದ್ದ ದಿನ ಅಂಗಡಿಗೆ ಬಂದು ಅಪ್ಪನ ಕೈ ಹಿಡಿದುಕೊಂಡು ಬಿಡದೆ ನಿಂತಿದ್ದವರು. ಆದರೆ ಬಟ್ಟೆ ಕೊಡಲು ಬಂದಾಗಲೆಲ್ಲ ಹಳದಿ ಗೆರೆಯ ಹೊರಗೆ ನಿಲ್ಲುವ ನನಗೆ ಬೇರೆ ಕೆಲಸವಿರುವುದಿಲ್ಲ, ನೋಡುವುದೊಂದೇ. ಪಥದ ಉದ್ದಕ್ಕೂ ಹುಡುಗಿಯರ ಜೊತೆ ಓಡಿ ಕೂಗಿದ ಮೇಲೆ ಅವರು ಪ್ರತಿ ಸಲವೂ ಹಿಂದಿನ ಗೋಡೆಯ ಕಡೆ ಹೋಗುತ್ತಾರೆ. ನೀರು ಕುಡಿಯಲು ಎಂದುಕೊಂಡಿದ್ದೆ. ಅಲ್ಲ. ಗೋಡೆಗೆ ಕೈಯೂರಿ, ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವಂತೆ, ಸದ್ದಿಲ್ಲದೆ ಕೆಮ್ಮುತ್ತಾರೆ. ಅವರಿಗೂ ಯಾವುದೋ ಕಾಲದಲ್ಲಿ ಯಾರೋ ಕೋಚ್ ಇದ್ದಿರಬೇಕು, ಯಾವುದೋ ಮೈದಾನದಲ್ಲಿ ಒಂದು ಮೌನ ಸುತ್ತು ಇದ್ದಿರಬೇಕು. ಮುಂದಿನ ಸಲ ಪರೀಕ್ಷೆ ನಡೆಸುವಾಗ ದಯವಿಟ್ಟು ಅವರನ್ನೂ ಕರೆಯಿರಿ.

ಮೊನ್ನೆ ಅಪ್ಪನನ್ನು ಕಚೇರಿಗೆ ಕರೆಸಿಕೊಂಡಿರಿ. ಬಾಗಿಲು ಮುಚ್ಚಿದ ತಂಪು ಕೋಣೆಯಲ್ಲಿ ಏನು ಹೇಳಿದಿರಿ ಎಂಬುದು ನಿಮಗೆ ಗೊತ್ತು. ಅಪ್ಪ ಮನೆಗೆ ಬಂದು ಹೇಗೆ ಹೇಳಿದರು ಎಂಬುದನ್ನು ನಾನು ಹೇಳುತ್ತೇನೆ. ಅವರು ನೇರ ಇಸ್ತ್ರಿ ಮೇಜಿಗೆ ಹೋಗಿ, ಬಿಸಿಯಾಗದ ಪೆಟ್ಟಿಗೆಯನ್ನೇ ಯಾರದೋ ಪ್ಯಾಂಟಿನ ಮೇಲೆ ಎಳೆಯತೊಡಗಿದರು.

"ಏನಂದ್ರು?" ಎಂದಳು ಅಮ್ಮ.

"ಕಾಯಿಲೆ ಇಲ್ಲ ಅಂತ ನಾನು ಹೇಳಿದ್ರೆ ಶನಿವಾರದ ಆಯ್ಕೆ ಓಟದಲ್ಲಿ ಓಡಬಹುದಂತೆ. ಇದೆ ಅಂದ್ರೆ ಹಾಸಿಗೆ ಸುತ್ಕೊಂಡು ಬರಬೇಕಂತೆ."

"ಇದೆ, ಆದ್ರೂ ಔಷಧಿ ತಗೊಂಡು ಓಡ್ತಾಳೆ ಅಂದ್ರೆ?"

"ಕೇಳ್ದೆ. ಔಷಧಿ ಎಳ್ಕೊಂಡು ಓಡಿದ್ರೆ ಅದು ಮೋಸ ಅಂದ್ರು."

ಮಿಡತೆ ಬಾಗಿಲಲ್ಲಿ ನಿಂತಿದ್ದಳು. "ಇಲ್ಲ ಅಂತ ಹೇಳಿಬಿಡಪ್ಪಾ. ಒಂದು ಮಾತು ತಾನೆ. ನಾನು ನುಂಗ್ಕೋತೀನಿ" ಎಂದಳು.

"ಸುಳ್ಳು ಹೇಳೋದಕ್ಕೂ ಉಸಿರು ಬೇಕು ಕಣೇ" ಎಂದು ಅಮ್ಮ ಸಿಡುಕಿದಳು. "ಅದೂ ನಿನ್ನ ಹತ್ರ ಇಲ್ಲ. ಬಾಯಿ ಮುಚ್ಕೊಂಡು ಉಸಿರಾಡಿ ಅನ್ನೋರು ಒಂದು ದಿನ ಬಂದು ನಮ್ಮ ಅಂಗಡೀಲಿ ನಿಂತು ಆಡಿ ತೋರಿಸ್ಲಿ, ನೋಡೋಣ."

ಅಪ್ಪ ತಣ್ಣಗಿನ ಪೆಟ್ಟಿಗೆಯನ್ನು ಎಳೆಯುತ್ತಲೇ ಇದ್ದರು. ಶನಿವಾರದೊಳಗೆ ನಿಮಗೆ ಉತ್ತರ ಕೊಡಬೇಕು, ಅವರಿಗೆ ಗೊತ್ತಿತ್ತು.

'ಮೋಸ' ಎಂಬ ಪದವನ್ನು ನೀವು ಬಳಸಿದ್ದರಿಂದ ಕೇಳುತ್ತೇನೆ. ಕನ್ನಡಕ ಹಾಕಿಕೊಂಡು ಓದುವುದು ಮೋಸವೇ? ಡಾಕ್ಟರಮ್ಮ ಅವಳಿಗೆ ಬರೆದುಕೊಟ್ಟ ಔಷಧಿಯನ್ನು ಗೊತ್ತುಪಡಿಸಿದ ಮಿತಿಯೊಳಗೆ ಸೇದಲು ಕ್ರೀಡಾ ನಿಯಮಗಳಲ್ಲೇ ಅವಕಾಶವಿದೆ ಎಂದು ಅವರೇ ತೋರಿಸಿಕೊಟ್ಟಿದ್ದಾರೆ. ಓಟಕ್ಕೆ ಸ್ವಲ್ಪ ಮೊದಲು ಸೇದಿ, ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಓಡಿದರೆ ಇಂಥವರು ಓಡಬಲ್ಲರು, ಗೆಲ್ಲಲೂಬಲ್ಲರು ಎಂದೂ ಹೇಳಿದ್ದಾರೆ. "ಗಾಬರಿ ಬೇಡ, ಅಸಡ್ಡೆಯೂ ಬೇಡ. ಹಿಡಿದಾಗ ಔಷಧಿ ಕೈಗೆ ಸಿಗದೇ ಇದ್ರೆ ಮಾತ್ರ..." ಎಂದು ಅವರು ಆ ವಾಕ್ಯವನ್ನು ಮುಗಿಸಲಿಲ್ಲ. ನಿಮ್ಮ ಸ್ಟೋರಿನ ಬಾಗಿಲ ಮುಂದೆ ಅದು ಮುಗಿಯುವುದರಲ್ಲಿತ್ತು. ಹಾಗಾದರೆ ಮೋಸ ಯಾವುದು? ಇರುವುದನ್ನು ಇದೆ ಎನ್ನುವುದೇ, ಒಬ್ಬ ತಂದೆಯ ಬಾಯಿಂದ ಇಲ್ಲ ಎನ್ನಿಸುವುದೇ?

ನಾನು ಕೇಳುವುದು ಹೆಚ್ಚೇನಲ್ಲ. ಶನಿವಾರ ನನ್ನ ತಂಗಿ ತನಗೆ ಏನಿದೆಯೋ ಅದನ್ನು ಇದೆ ಎಂದೇ ಹೇಳಿ ಓಡಲಿ. ಅವಳ ಇನ್ಹೇಲರ್ ಬೀಗದ ಹಿಂದೆ ಇರಬಾರದು, ಪಥದ ಪಕ್ಕದಲ್ಲಿ ಕೈಗೆ ಸಿಗುವ ಜಾಗದಲ್ಲಿರಬೇಕು. ಅವಳದು ಮಾತ್ರವಲ್ಲ, ಯಾರಿಗೆ ಬೇಕೋ ಅವರೆಲ್ಲರದೂ. ಓಡುವ ಮಕ್ಕಳನ್ನು ಓಡಿಸಿಯೇ ಪರೀಕ್ಷಿಸಿ, ಬಲ್ಲ ವೈದ್ಯರ ಮುಂದೆ, ಓಟ ಮುಗಿದ ಮೇಲೂ ಕುರ್ಚಿಯಿಂದ ಏಳದ ವೈದ್ಯರ ಮುಂದೆ. ಕಠಿಣ ಅಭ್ಯಾಸವನ್ನು ಬೆಳಗಿನ ತಂಪಿಗೆ ತನ್ನಿ. ಬೂಷ್ಟು ಹಿಡಿದ ಗೋಡೆಯನ್ನು ಕೆರೆಸಿ, ಜನರೇಟರನ್ನು ತಿರುವಿನಿಂದ ತೆಗೆಸಿ. ಗುಂಡಕ್ಕನನ್ನು ಮರಳಿ ಕರೆಯಿರಿ, ಕರೆಯುವಾಗ ಸಾಧ್ಯವಾದರೆ ತಲೆ ತಗ್ಗಿಸಿ. ಮೌನ ಸುತ್ತನ್ನು ಇಂದೇ ನಿಲ್ಲಿಸಿ. ಕೆಮ್ಮು ಅಶಿಸ್ತಲ್ಲ ಮಾನ್ಯರೇ, ಸುದ್ದಿ. ಒಳಗೆ ಏನೋ ಕೆಟ್ಟಿದೆ ಎಂದು ದೇಹ ಕಳಿಸುವ ಸುದ್ದಿಯನ್ನು ತಂದವಳಿಗೆ ನೀವು ಹೊಡೆಯುತ್ತಿದ್ದೀರಿ.

ಇದನ್ನೆಲ್ಲ ಎರಡು ಸಲ ಖಾಸಗಿಯಾಗಿ ಬರೆದಿದ್ದೆ. ಮೊದಲನೆಯದಕ್ಕೆ ಹವಾಗುಣದ ಪಾಠ ಬಂತು, ಎರಡನೆಯದಕ್ಕೆ ಏನೂ ಬರಲಿಲ್ಲ. ಬಹಿರಂಗವಾಗಿ ಬರೆದರೆ ಅವಳ ಹೆಸರು ಪಟ್ಟಿಯಿಂದ ಹೋಗಬಹುದು ಎಂಬ ಅರಿವು ನನಗಿದೆ. ಅದಕ್ಕೇ ಇಂದು ಬೆಳಿಗ್ಗೆ, ಆ ಟವೆಲ್ ಹಿಡಿದುಕೊಂಡು ಅವಳ ಬಳಿ ಹೋದೆ. ಅವಳು ಅಂಗಳದಲ್ಲಿ ಕೂತು ಓಟದ ಬೂಟಿನ ದಾರ ಪೋಣಿಸುತ್ತಿದ್ದಳು. ಟವೆಲ್ಲನ್ನು ನೋಡಿ ಕಸಿದುಕೊಳ್ಳಲು ಕೈಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

"ಅಕ್ಕಾ, ಅಪ್ಪಂಗೆ ತೋರಿಸ್ಬೇಡ."

"ತೋರಿಸ್ತೀನಿ. ಪೇಪರಿಗೂ ಬರೀತೀನಿ."

"ನೀನಾ?" ಎಂದು ನಕ್ಕಳು. "ಬಸ್ ನಿಲ್ಲಿಸೋಕೆ ಬಾಯಿ ಬರಲ್ಲ, ಡೈರೆಕ್ಟರನ್ನ ನಿಲ್ಲಿಸ್ತೀಯಾ?"

ಅವಳು ದಾರ ಬಿಗಿದು ಗಂಟು ಹಾಕಿದಳು. ಆಮೇಲೆ, ಬೂಟಿಗೆ ಹೇಳುವಂತೆ, "ಬರಿ. ಆದ್ರೆ ನಾನು ಓಡ್ತೀನಿ. ಅದನ್ನೂ ಬರಿ" ಎಂದಳು.

ಬರೆದಿದ್ದೇನೆ.

ಟವೆಲ್ಲನ್ನು ಅಪ್ಪನ ಮೇಜಿನ ಮೇಲೆ ಹರಡಿಟ್ಟೆ. ಅವರು ಹಲ್ಲಿನ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನೀರು ಚಿಮುಕಿಸಿ, ನಿಮ್ಮ ಅಂಗಿಗೆ ಎಷ್ಟು ಜತನ ಮಾಡುತ್ತಾರೋ ಅಷ್ಟೇ ಜತನದಿಂದ ಇಸ್ತ್ರಿ ಮಾಡಿ ನನ್ನ ಕೈಗೆ ಕೊಟ್ಟು, "ಇದ್ಯಾರ ಗಂಟಿಗೆ ಹೋಗ್ಬೇಕು ಅಂತ ನಿಂಗೆ ಗೊತ್ತಲ್ಲ" ಎಂದರು. ಈ ವಾರ ನಿಮ್ಮ ಗಂಟು ಬಿಚ್ಚಿದಾಗ ಅಂಗಿಗಳ ಮೇಲೆ ನಿಮ್ಮದಲ್ಲದ ಬಟ್ಟೆಯೊಂದು ಸಿಗುತ್ತದೆ. ಅದು ಕೈತಪ್ಪಿ ಬಂದದ್ದಲ್ಲ. ನಮ್ಮ ಅಂಗಡಿಯಿಂದ ಬೇರೆಯವರ ಬಟ್ಟೆ ಎಂದೂ ಕೈತಪ್ಪಿ ಹೋದದ್ದಿಲ್ಲ. ನೀವು ಕೇಳಿದ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ ಅದು.

ಇನ್ನು ನನ್ನದು. ಶನಿವಾರ ಓಟ ಮುಗಿದಾಗ ಎಲ್ಲರೂ ಗೆದ್ದವರ ಕಡೆ ತಿರುಗುತ್ತಾರೆ, ನಾನು ತಿರುಗುವುದಿಲ್ಲ. ಗೆರೆ ದಾಟಿದ ಮೇಲೆ ಹುಡುಗಿಯರು ನಡೆಯಲು ಶುರುಮಾಡುವ ಆ ಮೊದಲ ತಿರುವಿನಲ್ಲಿ, ಹಳದಿ ಗೆರೆಯ ಒಳಗೆ, ಇನ್ಹೇಲರನ್ನು ಅಂಗೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು ನಿಂತಿರುತ್ತೇನೆ. ಕಾವಲುಗಾರ ಬಂದು ಏನಾದ್ರೂ ಅಂದ್ರಾಮ್ಮಾ ಎಂದು ಕೇಳಿದರೆ, ಈ ಸಲ ಅವನಿಗೆ ಕೇಳಿಸುವಂತೆ ಹೇಳುತ್ತೇನೆ. ಅವಳ ಉಸಿರು ಹದಕ್ಕೆ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ.

ಇಂತಿ,
ನಿಮ್ಮ ಅಂಗಿಗಳನ್ನು ಇಲ್ಲಿಯವರೆಗೆ ಮಾತಿಲ್ಲದೆ ಮಡಚಿದವಳು,
ಮಿಡತೆಯ ಅಕ್ಕ